ಸೇವಾವಿವರಣ ಕಡತದ ಪಾರ್ಸಿಂಗ್ ಮತ್ತು ಕನ್ನಡದ ಹೆಸರುಗಳು: ಅಬಲೂರು–ಹಿರೇಕೆರೂರು ನಿದರ್ಶನ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಅಬಲೂರು ಶಾಸನಾಭ್ಯಾಸಿಗಳಿಗೆ ಪರಿಚಿತವಾದ ಊರು. ಏಕಾಂತದ ರಾಮಯ್ಯನ ವೃತ್ತಾಂತವನ್ನು ನಿರೂಪಿಸುವ, ಸುಮಾರು ಕ್ರಿ.ಶ. 1200ರ ಶಾಸನವು ಇಲ್ಲಿನ ಸೋಮೇಶ್ವರ ದೇವಾಲಯದಲ್ಲಿದೆ, ಜೆ. ಎಫ್. ಫ್ಲೀಟ್ ಅದನ್ನು ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಊರಿನ ಹೆಸರನ್ನು ಅಬಲೂರು, ಅಬ್ಲೂರು, ಅಬ್ಬಲೂರು ಎಂದು ಹಲವು ಬಗೆಯಾಗಿ ಬರೆಯುವುದುಂಟು. ಇಂತಹ ಸ್ಥಳನಾಮಗಳನ್ನು ಸ್ವೀಕರಿಸಿ ಪ್ರಕೃತಿ–ಪ್ರತ್ಯಯಗಳನ್ನು ಬಿಡಿಸಿಕೊಡುವ ಜಾಲಸೇವೆಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಅದರ ವಿವರಣ ಕಡತವನ್ನು ಪೈಥಾನ್ ಭಾಷೆಯಲ್ಲಿ ಓದುವಾಗ ಭಾಷಾವಿಜ್ಞಾನಿಯು ಗಮನಿಸಬೇಕಾದ ಸಂಗತಿಗಳು ಈ ಲೇಖನದ ವಿಷಯ.

ಡಬ್ಲ್ಯೂಎಸ್‌ಡಿಎಲ್ ಎಂಬ ವಿವರಣಭಾಷೆಯ 1.1ನೆಯ ಆವೃತ್ತಿ 2001ರಲ್ಲಿಯೂ 2.0 ಆವೃತ್ತಿ 2007ರಲ್ಲಿಯೂ ಹೊರಬಂದವು. ಮೊದಲನೆಯದರಲ್ಲಿ ದತ್ತಪ್ರಕಾರಗಳು, ಸಂದೇಶಗಳು, ಕ್ರಿಯೆಗಳ ಗುಂಪು, ಸಾಗಣೆಯ ವಿಧಾನ, ಸೇವೆಯ ವಿಳಾಸ ಎಂಬ ಘಟಕಗಳಿವೆ. ಒಂದು ಘಟಕ ಇನ್ನೊಂದನ್ನು ಹೆಸರಿನಿಂದಲೇ ನಿರ್ದೇಶಿಸುತ್ತದೆ. ಆ ಹೆಸರಿಗೆ ಪೂರ್ವಪದವೊಂದು ಅಂಟಿಕೊಂಡಿರುತ್ತದೆ. ಪೂರ್ವಪದಕ್ಕೆ ಸ್ವಂತ ಅರ್ಥವಿಲ್ಲ. ಸರ್ವನಾಮದಂತೆ, ಅದು ಯಾವ ನಾಮಾವಕಾಶವನ್ನು ಸೂಚಿಸುತ್ತದೆಂಬುದು ಘೋಷಣೆಯ ವ್ಯಾಪ್ತಿಯಿಂದ ನಿರ್ಧಾರವಾಗುತ್ತದೆ.

ಇಲ್ಲಿಯೇ ಮೊದಲ ತೊಡಕು. ಪೈಥಾನ್‌ನ ಎಲಿಮೆಂಟ್‌ಟ್ರೀ ಗ್ರಂಥಾಲಯವು ಎಕ್ಸ್‌ಎಂಎಲ್ ಘಟಕಗಳ ಹೆಸರಿನಲ್ಲಿರುವ ಪೂರ್ವಪದವನ್ನು ಪೂರ್ಣ ನಾಮಾವಕಾಶವಾಗಿ ವಿಸ್ತರಿಸಿ, ಪೂರ್ವಪದವನ್ನು ಮಾತ್ರ ಕೈಬಿಡುತ್ತದೆ. ಆದರೆ ಗುಣಲಕ್ಷಣದ ಮೌಲ್ಯದೊಳಗಿನ ಪೂರ್ವಪದ ಅದಕ್ಕೆ ಬರಿಯ ಅಕ್ಷರಮಾಲೆ. ಅದನ್ನು ಇದ್ದಂತೆಯೇ ಬಿಡುತ್ತದೆ. ಫಲವಾಗಿ ಸರ್ವನಾಮ ಉಳಿದು, ಅದರ ಪೂರ್ವಾನ್ವಯ ಕಾಣೆಯಾಗುತ್ತದೆ. ಪ್ರತಿ ಘಟಕದೊಡನೆ ಪೂರ್ವಪದಗಳ ಪಟ್ಟಿಯನ್ನು ಉಳಿಸಿಕೊಳ್ಳುವ ಎಲ್‌ಎಕ್ಸ್‌ಎಂಎಲ್ ಗ್ರಂಥಾಲಯವೇ ಈ ಕೆಲಸಕ್ಕೆ ಲೇಸು.

ಎರಡನೆಯ ತೊಡಕು ಕನ್ನಡಕ್ಕೆ ಹೆಚ್ಚು ಸಮೀಪವಾದುದು. ಸೇವೆಯು ಸ್ವೀಕರಿಸುವ ತಾಲ್ಲೂಕುಗಳ ಹೆಸರುಗಳನ್ನು ದತ್ತಪ್ರಕಾರದಲ್ಲಿ ಮುಚ್ಚಿದ ಪಟ್ಟಿಯಾಗಿ ಕೊಟ್ಟಿದೆಯೆಂದಿಟ್ಟುಕೊಳ್ಳಿ. ‘ಹಿರೇಕೆರೂರು’ ಎಂಬಲ್ಲಿನ ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು; ಎತ್ವ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಯೂನಿಕೋಡ್ ಇವೆರಡನ್ನೂ ಸಮಾನವೆನ್ನುತ್ತದೆ, ಕಣ್ಣಿಗೂ ಭೇದ ತೋರದು. ಎಕ್ಸ್‌ಎಂಎಲ್ ಮಾತ್ರ ಸಂಕೇತಗಳನ್ನು ಒಂದೊಂದಾಗಿ ಹೋಲಿಸುವುದರಿಂದ, ಪಟ್ಟಿಯಲ್ಲಿ ಒಂದು ರೂಪವಿದ್ದು ಬಳಕೆದಾರ ಇನ್ನೊಂದನ್ನು ಕಳುಹಿಸಿದರೆ ಸರಿಯಾದ ಹೆಸರೂ ತಿರಸ್ಕೃತವಾಗುತ್ತದೆ.

ಇದಕ್ಕೆ ಎನ್‌ಎಫ್‌ಸಿ ಎಂಬ ಪ್ರಮಾಣೀಕರಣವನ್ನು ಪಟ್ಟಿಗೂ ಒಳಬರುವ ಪಠ್ಯಕ್ಕೂ ಅನ್ವಯಿಸಿದರೆ ಸಾಕು. ಆದರೆ ಅದೇ ಹಂತದಲ್ಲಿ ಅಬ್ಲೂರು, ಅಬ್ಬಲೂರುಗಳನ್ನೂ ‘ತಿದ್ದುವ’ ಉತ್ಸಾಹ ಅಪಾಯಕರ. ಹಿರೇಕೆರೂರಿನ ಎರಡು ರೂಪಗಳು ಸಂಕೇತನದ ಆಕಸ್ಮಿಕ. ಅಬಲೂರಿನ ಭಿನ್ನರೂಪಗಳು ಭಾಷೆಯ ಸಾಕ್ಷ್ಯ. ಅಬಲೂರು–ಅಬ್ಲೂರುಗಳ ನಡುವೆ ಸ್ವರಲೋಪದ ಪ್ರಶ್ನೆಯಿದೆ, ಅಬ್ಬಲೂರಿನಲ್ಲಿ ದ್ವಿತ್ವದ ಪ್ರಶ್ನೆಯಿದೆ. ಸ್ವಾಗತದ್ವಾರದಲ್ಲಿಯೇ ಅವನ್ನು ಒಂದಾಗಿಸಿದರೆ ಸಂಶೋಧಕನಿಗೆ ಆ ಪ್ರಶ್ನೆಗಳೇ ಎದುರಾಗವು. ಆಕರದಲ್ಲಿರುವ ರೂಪಕ್ಕೊಂದು, ಶೋಧನೆಗೆ ಬೇಕಾದ ಶಿಷ್ಟರೂಪಕ್ಕೊಂದು ಎಂದು ದತ್ತಪ್ರಕಾರದಲ್ಲಿ ಎರಡು ಕ್ಷೇತ್ರಗಳಿರಬೇಕು.

ಕ್ರಿಯೆಗಳಿಗೇ ಕನ್ನಡ ಹೆಸರಿಟ್ಟರೆ ಪೈಥಾನ್ ಇನ್ನೊಂದು ವಿಚಿತ್ರವನ್ನು ಸೇರಿಸುತ್ತದೆ. ‘ವಿಶ್ಲೇಷಿಸು’ ಎಂಬ ಹೆಸರನ್ನು ಚುಕ್ಕೆಯ ಮುಂದೆ ಬರೆದು ಕರೆದಾಗ ಭಾಷೆಯೇ ಅದನ್ನು ಎನ್‌ಎಫ್‌ಕೆಸಿ ರೂಪಕ್ಕೆ ಪ್ರಮಾಣೀಕರಿಸುತ್ತದೆ. ಕಡತದಲ್ಲಿ ಬಿಡಿಸಿ ಬರೆದ ಏತ್ವವಿದ್ದರೆ ಕ್ರಿಯೆ ಸಿಗದು. ಹೆಸರನ್ನು ಅಕ್ಷರಮಾಲೆಯಾಗಿ ಕೊಟ್ಟು ಹುಡುಕಿದರೆ ಪ್ರಮಾಣೀಕರಣ ನಡೆಯುವುದಿಲ್ಲ, ಕ್ರಿಯೆ ಸಿಗುತ್ತದೆ. ‘ಸಾಫ್ಟ್‌ವೇರ್’ ಎಂಬಂತಹ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಸಂಕೇತವಂತೂ ಪೈಥಾನ್‌ನ ಹೆಸರುಗಳಲ್ಲಿ ನಿಷಿದ್ಧ. ಎಕ್ಸ್‌ಎಂಎಲ್ 1.0ರ 2008ರ ಐದನೆಯ ಪರಿಷ್ಕರಣವು ಅದಕ್ಕೆ ಅವಕಾಶ ಕೊಟ್ಟಿತು. ಹಿಂದಿನ ಪರಿಷ್ಕರಣಗಳ ನಿಯಮವನ್ನೇ ಅನುಸರಿಸುವ ಪಾರ್ಸರುಗಳು ಅಂತಹ ಹೆಸರುಳ್ಳ ಕಡತವನ್ನು ಪೂರ್ತಿಯಾಗಿ ನಿರಾಕರಿಸುತ್ತವೆ.