ಕಲ್ನಾರು ಎಂಬ ಪದ, ಶೀಟು ಎಂಬ ಮಾಡು: ಕಾಸರಗೋಡಿನಿಂದ ಒಂದು ಟಿಪ್ಪಣಿ

ಗಡಿನಾಡ ಕನ್ನಡದ ಗೋಷ್ಠಿಯಲ್ಲಿ ಆಸ್ಬೆಸ್ಟಾಸ್ ಯಾಕೆ ಅಂತ ಕೆಲವರು ಮೊದಲೇ ಕೇಳಿದ್ರು. ಹಾಗಾಗಿ ನಮ್ಮ ಮನೆಯ ವಿಷಯದಿಂದಲೇ ಶುರು ಮಾಡ್ತೇನೆ.

ನಾನು ಓದಿದ್ದು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ. ಅದರ ಮಾಡಿಗೆ ಹಾಕಿದ್ದು ಬೂದು ಬಣ್ಣದ ಸಿಮೆಂಟ್ ಶೀಟು. ಕೆಲವು ವರ್ಷಗಳ ನಂತರ ಅದನ್ನು ತೆಗೆದು ಬೇರೆ ಮಾಡು ಹಾಕಿದ್ರು. ತೆಗೆದ ಶೀಟುಗಳು ಅಂಗಳದ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ನಮ್ಮ ದೊಡ್ಡಪ್ಪ ಹಟ್ಟಿಗೆ ಆದೀತು ಅಂತ ನಾಲ್ಕು ಶೀಟು ತಂದು, ಅಳತೆಗೆ ಗರಗಸದಲ್ಲಿ ಕೊಯ್ದರು. ಬಿದ್ದ ಪುಡಿಯನ್ನು ದೊಡ್ಡಮ್ಮ ಗುಡಿಸಿದರು. ಶೀಟು ಯಾಕೆ ತೆಗೆಯಬೇಕು ಅಂತ ಹೇಳುವ ಸುತ್ತೋಲೆ ಶಾಲೆಗೆ ಬಂದಿತ್ತು, ಆದರೆ ಮಲಯಾಳದಲ್ಲಿ. ಅದರಲ್ಲಿದ್ದ ಪದ ಆಸ್ಬೆಸ್ಟಾಸ್. ದೊಡ್ಡಪ್ಪನ ಬಾಯಲ್ಲಿದ್ದ ಪದ ಶೀಟು. ಎರಡೂ ಒಂದೇ ಅಂತ ಅವರಿಗೆ ಯಾರೂ ಹೇಳಲಿಲ್ಲ.

ಕನ್ನಡ ನಿಘಂಟಿನಲ್ಲಿ ಇದಕ್ಕೆ ‘ಕಲ್ನಾರು’ ಎಂಬ ಪದವಿದೆ. ತಮಿಳಿನಲ್ಲೂ ಕಲ್ನಾರ್, ತೆಲುಗಿನಲ್ಲಿ ರಾತಿನಾರ. ಪದ ಬಿಡಿಸಿದರೆ ಅರ್ಧ ವಿಜ್ಞಾನ ಸಿಕ್ಕಿಬಿಡುತ್ತದೆ: ಇದು ನಾರಿನಂತೆ ಎಳೆಯಾಗುವ ಕಲ್ಲು. ಬಾಳೆನಾರನ್ನು ಸೀಳಿದ ಹಾಗೆ ಇದನ್ನೂ ಉದ್ದಕ್ಕೆ ಸೀಳುತ್ತಾ ಹೋಗಬಹುದು. ಕೊನೆಗೆ ಕಣ್ಣಿಗೆ ಕಾಣದಷ್ಟು ಸಪೂರ ಎಳೆಗಳಾಗುತ್ತವೆ. ಬೆಂಕಿಗೆ ಸುಡುವುದಿಲ್ಲ, ಬೇಗ ಸವೆಯುವುದಿಲ್ಲ. ಅದಕ್ಕೇ ಕಾರ್ಖಾನೆಗಳಿಗೆ ಇಷ್ಟವಾದದ್ದು. ಉಸಿರಿನೊಂದಿಗೆ ಒಳಹೋದ ಮೇಲೆ ಇದೇ ಗುಣ ಶತ್ರುವಾಗುತ್ತದೆ. ದೇಹ ಅದನ್ನು ಕರಗಿಸಲಾರದು, ಪೂರ್ತಿ ಹೊರಹಾಕಲೂ ಆರದು.

ಆಗುವ ಕಾಯಿಲೆಗಳು ಮುಖ್ಯವಾಗಿ ಮೂರು. ಆಸ್ಬೆಸ್ಟೋಸಿಸ್‌ನಲ್ಲಿ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗಿ, ಉಸಿರಾಟ ಕಷ್ಟವಾಗುತ್ತದೆ. ಎರಡನೆಯದು ಶ್ವಾಸಕೋಶದ ಕ್ಯಾನ್ಸರ್; ಬೀಡಿ ಸಿಗರೇಟು ಸೇದುವವರಿಗೆ ಇದರ ಅಪಾಯ ಹಲವು ಪಟ್ಟು ಹೆಚ್ಚು. ಮೂರನೆಯದು ಮೆಸೊಥೀಲಿಯೋಮ, ಅಂದರೆ ಶ್ವಾಸಕೋಶದ ಅಥವಾ ಹೊಟ್ಟೆಯ ಒಳಪೊರೆಯ ಕ್ಯಾನ್ಸರ್. ಧೂಳು ಕುಡಿದು 20ರಿಂದ 40 ವರ್ಷ ಕಳೆದ ಮೇಲೆ ಇದು ಕಾಣಿಸಿಕೊಳ್ಳುವುದುಂಟು. ಇವತ್ತಿನ ಕೆಮ್ಮಿಗೂ ಅವತ್ತಿನ ಗರಗಸಕ್ಕೂ ಸಂಬಂಧವಿದೆ ಅಂತ ಯಾರಿಗೂ ಹೊಳೆಯದೇ ಇರುವುದು ಅದಕ್ಕೇ.

ಇದು ಹೊಸ ವಿಚಾರವೇನಲ್ಲ. 1924ರಲ್ಲೇ ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ಆಸ್ಬೆಸ್ಟಾಸ್ ನೂಲುತ್ತಿದ್ದ ನೆಲ್ಲಿ ಕರ್ಶಾ ಎಂಬ ಹೆಣ್ಣುಮಗಳ ಸಾವಿನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಸಂಗಡಿಗರು ಮೆಸೊಥೀಲಿಯೋಮ ಬಂದ 33 ಜನರನ್ನು ವರದಿ ಮಾಡಿದರು. ಅವರಲ್ಲಿ ಹಲವರು ಗಣಿಯೊಳಗೆ ದುಡಿದವರೇ ಅಲ್ಲ, ಗಣಿಯ ಹತ್ತಿರ ಬದುಕಿದವರು. ದುಡಿದವರ ಬಟ್ಟೆ ಒಗೆದ ಮನೆಯವರಿಗೂ ಕಾಯಿಲೆ ಬಂದದ್ದು ಬೇರೆ ಕಡೆಗಳಲ್ಲಿ ಕಂಡಿದೆ. ಬಿಳಿ, ನೀಲಿ, ಕಂದು ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 60ಕ್ಕೂ ಹೆಚ್ಚು ದೇಶಗಳು ನಿಷೇಧಿಸಿವೆ. ನಮ್ಮಲ್ಲಿ ಗಣಿಗಾರಿಕೆ ನಿಂತಿದೆ, ಆದರೆ ಬಿಳಿ ಆಸ್ಬೆಸ್ಟಾಸ್ ಹೊರದೇಶದಿಂದ ಬಂದು ಶೀಟಾಗುತ್ತಲೇ ಇದೆ.

ಸುಪ್ರೀಂ ಕೋರ್ಟು 1995ರ ಜನವರಿ 27ರ ತೀರ್ಪಿನಲ್ಲಿ, ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಎಂದಿತು. ಕಾಯಿಲೆ ಎಷ್ಟು ತಡವಾಗಿ ಬರುತ್ತದೆ ಅನ್ನುವುದು ಈ ಲೆಕ್ಕದಲ್ಲೇ ಇದೆ. ಆದರೆ ದಿನಗೂಲಿಗೆ ಮಾಡು ಹತ್ತುವವನ ದಾಖಲೆ ಇಡುವವರು ಯಾರು? ಇನ್ನು 2009ರಲ್ಲಿ ಕೇರಳದ ಮಾನವ ಹಕ್ಕುಗಳ ಆಯೋಗ, ಶಾಲೆಗಳ ಆಸ್ಬೆಸ್ಟಾಸ್ ಮಾಡನ್ನು ಹಂತಹಂತವಾಗಿ ತೆಗೆದು ಹಂಚು ಹಾಕಬೇಕೆಂದು ಹೇಳಿತು. ಒಳ್ಳೆಯ ಮಾತೇ. ಆದರೆ ತೆಗೆಯುವಾಗಲೇ ಧೂಳು ಹೆಚ್ಚು ಏಳುವುದು.

ಹಾಗಂತ ಹೆದರಿ ನಾಳೆಯೇ ಮಾಡು ಕಿತ್ತುಹಾಕಬೇಡಿ. ಶೀಟಿನಲ್ಲಿ ಆಸ್ಬೆಸ್ಟಾಸ್ ಇರುವುದು ನೂರರಲ್ಲಿ ಸುಮಾರು ಎಂಟು-ಹತ್ತು ಭಾಗ, ಅದೂ ಸಿಮೆಂಟಿನೊಳಗೆ ಕಚ್ಚಿಕೊಂಡು. ಗಟ್ಟಿಯಾಗಿರುವ ಶೀಟಿನ ಕೆಳಗೆ ಕೂತರೆ ಅಪಾಯ ಕಡಿಮೆ. ಕೊಯ್ಯುವುದು, ತೂತು ಕೊರೆಯುವುದು, ಒಡೆಯುವುದು, ಮಳೆಗಾಲಕ್ಕೆ ಮುಂಚೆ ತಂತಿ ಬ್ರಶ್ಶಿನಲ್ಲಿ ಪಾಚಿ ಕೆರೆಯುವುದು, ಇವೇ ಅಪಾಯ. ಆಸ್ಬೆಸ್ಟಾಸ್ ಇಲ್ಲದ ಶೀಟುಗಳೂ ಈಗ ಇವೆ, ಆದರೆ ಕಣ್ಣಿನಿಂದ ನೋಡಿ ಗೊತ್ತಾಗುವುದಿಲ್ಲ. ಹಳೆಯದಾದರೆ ಆಸ್ಬೆಸ್ಟಾಸ್ ಅಂತಲೇ ತಿಳಿಯುವುದು ಕ್ಷೇಮ.

ತೆಗೆಯಲೇಬೇಕಾದರೆ ಗೊತ್ತಿರುವವರಿಂದಲೇ ತೆಗೆಸಬೇಕು. ಮೊದಲು ನೀರು ಚಿಮುಕಿಸಿ ಒದ್ದೆ ಮಾಡಬೇಕು. ಮೇಲಿಂದ ಎಸೆಯದೆ ಇಡೀ ಶೀಟನ್ನೇ ಇಳಿಸಬೇಕು. ಮುಖಕ್ಕೆ ಬೈರಾಸು ಕಟ್ಟಿದರೆ ಸಾಲದು. ಸಪೂರ ಧೂಳು ತಡೆಯುವ, ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಬೇಕು. ಒಣಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ತುಂಡುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ, ಎಲ್ಲಿ ಹಾಕುವುದೆಂದು ಪಂಚಾಯತಿನಲ್ಲಿ ಕೇಳಬೇಕು. ಕೋಳಿಗೂಡಿಗೆ, ತೋಟದ ಕಟ್ಟಕ್ಕೆ ಬಳಸಬಾರದು. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬಾರದು.

(ಪ್ರಶ್ನೆ: ಇದೆಲ್ಲ ಆರೋಗ್ಯ ಇಲಾಖೆಯ ಕೆಲಸ ಅಲ್ವಾ? ಕನ್ನಡ ವಿಭಾಗ ಇದರಲ್ಲಿ ಏನು ಮಾಡಬಹುದು?)

ಒಳ್ಳೆಯ ಪ್ರಶ್ನೆ ಸರ್. ಗಡಿನಾಡಲ್ಲಿ ನಾವು ಭಾಷೆಯ ಹಕ್ಕು ಅಂದ ಕೂಡಲೇ ಶಾಲೆ, ಪಠ್ಯಪುಸ್ತಕ, ನೇಮಕಾತಿ ಅಂತೇವೆ. ಅವೆಲ್ಲ ಬೇಕು. ಆದರೆ ಎಚ್ಚರಿಕೆಯ ಮಾತು ತನ್ನ ಭಾಷೆಯಲ್ಲಿ ಸಿಗುವುದೂ ಹಕ್ಕೇ. ಅನುವಾದ ಮಾಡುವಾಗ ‘ಕಲ್ನಾರು’ ಅಂತ ಮಾತ್ರ ಬರೆದರೆ ದೊಡ್ಡಪ್ಪನಿಗೆ ಅರ್ಥವಾಗುವುದಿಲ್ಲ. ‘ಸಿಮೆಂಟ್ ಶೀಟು, ಅಂದರೆ ಆಸ್ಬೆಸ್ಟಾಸ್, ಅಂದರೆ ಕಲ್ಲಿನ ನಾರು’ ಅಂತ ಬರೆಯಬೇಕು. ನಮ್ಮ ಕಡೆ ಶೀಟು ಹಾಕಲು ಬರುವವರಲ್ಲಿ ಬಂಗಾಳಿ, ಹಿಂದಿ ಮಾತಾಡುವವರೂ ಇದ್ದಾರೆ, ಅವರ ಭಾಷೆಯಲ್ಲೂ ಬೇಕು. ನಿಮ್ಮ ನಿಮ್ಮ ಊರಲ್ಲಿ ಈ ಶೀಟಿಗೆ ಏನಂತಾರೆ ಅಂತ ದಯವಿಟ್ಟು ನನಗೆ ಬರೆದು ಕಳಿಸಿ. ಒಂದು ಪುಟದ ಕರಪತ್ರವನ್ನು ಆ ಪದಗಳಿಂದಲೇ ಶುರು ಮಾಡೋಣ.

ದೊಡ್ಡಪ್ಪನಿಗೆ ಈಗ ಹೇಳಿದ್ದೇನೆ. ಹಟ್ಟಿಯ ಶೀಟು ಹಾಗೇ ಇದೆ. ಅದನ್ನು ಯಾರೂ ಮುಟ್ಟುತ್ತಿಲ್ಲ.