ಘಟ್ಟದ ಎಲೆ, ಕರಾವಳಿಯ ಹುಡಿ

ಮಂಗಳೂರಿನ ಪಂಪ್‌ವೆಲ್ ವೃತ್ತವನ್ನು ಹೊರಗಿನವರು ಬಲ್ಲದ್ದು ಅದರ ಮೇಲ್ಸೇತುವೆಯಿಂದ. ವರ್ಷಗಟ್ಟಲೆ ಕುಂಟುತ್ತ ಸಾಗಿ, ಊರಿನ ನಗೆಹನಿಗಳಿಗೆಲ್ಲ ವಸ್ತುವಾಗಿ, ಕೊನೆಗೆ 2020ರ ಜನವರಿ 31ರಂದು ಅದು ಸಂಚಾರಕ್ಕೆ ತೆರೆಯಿತು. ಆದರೆ ಸೇತುವೆಗಿಂತ ಮೊದಲೂ ಪಂಪ್‌ವೆಲ್‌ಗೆ ಒಂದು ಮಹತ್ವವಿತ್ತು. ಘಟ್ಟದಿಂದ ಇಳಿದ ಸರಕು ಕರಾವಳಿಯ ಹೆದ್ದಾರಿಯನ್ನು ಮುಟ್ಟುವುದು ಇಲ್ಲಿಯೇ. ಶಿರಾಡಿ ಇಳಿದ ಲಾರಿಯೂ ಚಾರ್ಮಾಡಿ ಇಳಿದ ಲಾರಿಯೂ ಬಿ.ಸಿ. ರೋಡಿನಲ್ಲಿ ಒಂದೇ ದಾರಿಗೆ ಬಂದು, ಪಡೀಲು ದಾಟಿ ಇಲ್ಲಿಗೆ ತಲಪುತ್ತವೆ.

ಈ ಎರಡೂ ಘಾಟಿಗಳ ಮೇಲ್ಗಡೆ ಚಹಾ ತೋಟಗಳಿವೆ ಎಂಬುದು ಮಂಗಳೂರಿನ ಎಷ್ಟೋ ಜನರಿಗೆ ತಿಳಿಯದು. ಸಕಲೇಶಪುರ ತಾಲ್ಲೂಕಿನಲ್ಲಿ ಕಾಡುಮನೆ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೆಳಗೂರು, ಇನ್ನೂ ದಕ್ಷಿಣಕ್ಕೆ ಕೊಡಗಿನಲ್ಲಿ ಗ್ಲೆನ್‌ಲಾರ್ನಾ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟನ್ನು ಬೆಳೆಯುವ ರಾಜ್ಯದಲ್ಲಿ ಚಹಾದ ಪಾಲು ತೀರ ಸಣ್ಣದು. ದೇಶದ ಒಟ್ಟು ಚಹಾ ಉತ್ಪಾದನೆಯಲ್ಲಿ ಕರ್ನಾಟಕದ್ದು ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಸಣ್ಣದಾದರೂ ನಮ್ಮದೇ ಬೆಟ್ಟದ ಎಲೆ ಅದು. ಹೀಗಿದ್ದೂ ಪಂಪ್‌ವೆಲ್–ಕಂಕನಾಡಿ ಸುತ್ತಿನ ಅಂಗಡಿಗಳಲ್ಲಿ ‘ಎಲೆ ಚಹಾ ಇದೆಯೇ’ ಎಂದು ವಿಚಾರಿಸಿದರೆ ಬಹಳ ಕಡೆ ಸಿಗುವ ಮರುಪ್ರಶ್ನೆ, ‘ಗ್ರೀನ್ ಟೀ ಆಗ್ಬಹುದಾ ಸಾರ್?’ ಚಹಾ ಎಂದರೆ ಹುಡಿ, ಎಲೆ ಎಂದರೆ ತೂಕ ಇಳಿಸುವ ಪಥ್ಯ ಎಂಬ ವಿಂಗಡಣೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿ ನೆಲೆಯೂರಿದೆ.

ಈ ಹುಡಿಯ ಹಿಂದೆ ಒಂದು ಯಂತ್ರವಿದೆ. 1930ರ ದಶಕದ ಆರಂಭದಲ್ಲಿ ಅಸ್ಸಾಮಿನ ಅಮ್‌ಗುರಿ ತೋಟದಲ್ಲಿ ವಿಲಿಯಂ ಮೆಕ್‌ಕರ್ಚರ್ ರೂಪಿಸಿದ ಸಿಟಿಸಿ ಯಂತ್ರ ಎಲೆಯನ್ನು ಹಿಂಡಿ, ಹರಿದು, ಸುತ್ತಿ ಕಾಳುಗಳನ್ನಾಗಿ ಮಾಡುತ್ತದೆ. ಎಲೆಯ ಜೀವಕೋಶಗಳು ಪೂರ್ತಿ ಒಡೆದಿರುವುದರಿಂದ ಬಿಸಿನೀರು ಸೋಕಿದ ಕೂಡಲೇ ಅದು ಕಡುಬಣ್ಣ ಬಿಡುತ್ತದೆ; ಹಾಲು, ಸಕ್ಕರೆ, ಶುಂಠಿ ಯಾವುದಕ್ಕೂ ಸೋಲುವುದಿಲ್ಲ. ಸಾಂಪ್ರದಾಯಿಕ ವಿಧಾನದಲ್ಲಿ, ಅಂದರೆ ವ್ಯಾಪಾರದ ಭಾಷೆಯ ‘ಆರ್ಥೊಡಾಕ್ಸ್’ ಚಹಾದಲ್ಲಿ, ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಬಣ್ಣ ತಿರುಗಲು ಬಿಟ್ಟು, ಒಣಗಿಸುತ್ತಾರೆ. ಎಲೆ ಎಲೆಯಾಗಿಯೇ ಉಳಿಯುತ್ತದೆ. ಎರಡರಲ್ಲೂ ನಾಲ್ಕು ಕಿಲೋಗಿಂತ ಹೆಚ್ಚು ಹಸಿ ಎಲೆ ಹೋದರೆ ಒಂದು ಕಿಲೋ ಚಹಾ ಬರುತ್ತದೆ. ಭಾರತ ವರ್ಷಕ್ಕೆ ತಯಾರಿಸುವ 130 ಕೋಟಿ ಕಿಲೋ ಆಸುಪಾಸಿನ ಚಹಾದಲ್ಲಿ ಆರ್ಥೊಡಾಕ್ಸ್ ಪಾಲು ಸುಮಾರು ಹತ್ತರಲ್ಲೊಂದು. ಅದರಲ್ಲಿಯೂ ಹೆಚ್ಚಿನ ಭಾಗ ಹಡಗು ಹತ್ತುತ್ತದೆ.

ಹೋಟೆಲಿನ ಹಾಲು ಚಹಾವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ‘ಚಾ ಆಂಡಾ?’ ಎಂದು ಕುಶಲ ವಿಚಾರಿಸುವ ತುಳುನಾಡಿನಲ್ಲಿ ಹಾಗೆ ಮಾಡಿ ಬದುಕಲೂ ಸಾಧ್ಯವಿಲ್ಲ. ಸಿಟಿಸಿ ಹಾಲಿಗಾಗಿಯೇ ಹೊಂದಿಕೊಂಡ ಚಹಾ, ತನ್ನ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ನನ್ನ ತಕರಾರು ಬೇರೆ: ಒಳ್ಳೆಯ ಚಹಾ ಯಾವುದು, ಸಾಧಾರಣ ಯಾವುದು ಎಂದು ಗುರುತಿಸುವ ನಾಲಗೆ ಇಲ್ಲದ ಪೇಟೆಯಲ್ಲಿ ಒಳ್ಳೆಯ ಎಲೆಗೆ ಬೆಲೆ ಸಿಗುವುದು ಹೇಗೆ?

ಅರ್ಥಶಾಸ್ತ್ರ ಓದಿದವರಿಗೆ ಇಲ್ಲಿ ಜಾರ್ಜ್ ಅಕರ್‌ಲಾಫ್ ನೆನಪಾಗದೆ ಇರುವುದಿಲ್ಲ. ಹಳೆಯ ಕಾರುಗಳ ಮಾರಾಟವನ್ನು ಉದಾಹರಣೆಯಾಗಿಟ್ಟುಕೊಂಡು 1970ರಲ್ಲಿ ಅವರು ಬರೆದ ಪ್ರಬಂಧ 2001ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟಿತು. ಕೊಳ್ಳುವವನಿಗೆ ಒಳ್ಳೆಯದು ಕೆಟ್ಟದ್ದರ ವ್ಯತ್ಯಾಸ ತಿಳಿಯದಿದ್ದರೆ ಅವನು ಕೊಡುವುದು ಸರಾಸರಿ ಬೆಲೆ. ಆ ಬೆಲೆಗೆ ಒಳ್ಳೆಯ ಮಾಲು ಇರುವವನು ಮಾರಲು ಒಪ್ಪುವುದಿಲ್ಲ. ಕ್ರಮೇಣ ಪೇಟೆಯಲ್ಲಿ ಉಳಿಯುವುದು ಸಾಧಾರಣ ಮಾಲು ಮಾತ್ರ. ಹಳೆಯ ಡಕೋಟ ಕಾರಿಗೆ ಅಮೆರಿಕದ ಆಡುಮಾತಿನಲ್ಲಿ ನಿಂಬೆಹಣ್ಣು ಎಂದು ಹೆಸರು. ಚಹಾದ ವಿಷಯ ಬರೆಯುವಾಗ ಈ ನಿಂಬೆ ತಾನಾಗಿ ಒದಗಿ ಬಂದದ್ದಷ್ಟೆ.

ಇದೇ ಜಿಲ್ಲೆಯ ಅಡಕೆಯನ್ನು ನೋಡಿ. ಹೊಸ ಅಡಕೆ, ಸಿಂಗಲ್ ಚೋಲ್, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ದರ್ಜೆವಾರು ಧಾರಣೆ ಪತ್ರಿಕೆಗಳಲ್ಲಿ ಬರುತ್ತದೆ. ಕೃಷಿಕನೂ ಅಡಕೆ ಒಡೆದು ನೋಡಬಲ್ಲ, ವ್ಯಾಪಾರಿಯೂ ಬಲ್ಲ. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಬೆಳೆಗಾರನ ಬೆನ್ನಿಗೆ ನಿಂತದ್ದು ನಿಜ; ಆದರೆ ದರ್ಜೆಯ ಅರಿವು ಜನರ ಕೈಬೆರಳಲ್ಲೇ ಇದ್ದುದರಿಂದ ಆ ಕೆಲಸ ಹಗುರವಾಯಿತು ಎಂದು ನನ್ನ ಎಣಿಕೆ. ಚಹಾದಲ್ಲಿಯೂ ದರ್ಜೆಗಳಿಗೆ ಕೊರತೆಯಿಲ್ಲ: ಪಿಡಿ, ಆರ್‌ಡಿ, ಎಸ್‌ಆರ್‌ಡಿ, ಬಿಒಪಿ, ಎಫ್‌ಒಪಿ. ಕೊಚ್ಚಿಯ ಹರಾಜು ಕೇಂದ್ರ 1947ರಿಂದ, ಕೂನೂರಿನದು 1963ರಿಂದ ನಡೆಯುತ್ತಿವೆ. ರುಚಿ ನೋಡಿ ದರ ಕಟ್ಟುವವರು ಅಲ್ಲಿದ್ದಾರೆ. ಆ ಜ್ಞಾನ ಹರಾಜುಕಟ್ಟೆಯಲ್ಲಿಯೇ ನಿಂತುಬಿಟ್ಟಿದೆ. ಅಲ್ಲಿಂದ ಮುಂದೆ ಹತ್ತಾರು ತೋಟಗಳ ಮಾಲು ಒಂದಾಗಿ ಬೆರೆತು, ಬಣ್ಣದ ಪೊಟ್ಟಣದಲ್ಲಿ ಒಂದು ಹೆಸರು ಹೊತ್ತು ನಮ್ಮ ಅಂಗಡಿಗೆ ಬರುತ್ತದೆ. ನಾವು ಹೆಸರಿಗೆ ದುಡ್ಡು ಕೊಡುತ್ತೇವೆಯೇ ಹೊರತು ಎಲೆಗಲ್ಲ.

ನಾಲಗೆಯನ್ನು ಪಳಗಿಸುವುದು ಜನ ತಿಳಿದಷ್ಟು ದುಬಾರಿ ವಿದ್ಯೆಯೂ ಅಲ್ಲ, ದೊಡ್ಡ ವಿದ್ಯೆಯೂ ಅಲ್ಲ. ನಿವೃತ್ತಿಯ ನಂತರ ನಾವು ನಾಲ್ಕೈದು ಮಂದಿ ನೆರೆಹೊರೆಯವರು ಭಾನುವಾರ ಬೆಳಗ್ಗೆ ಇದನ್ನು ಮಾಡುತ್ತ ಬಂದಿದ್ದೇವೆ. ಇದಕ್ಕೊಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ, ಐಎಸ್‌ಒ 3103. ನೂರು ಮಿಲಿಲೀಟರ್ ನೀರಿಗೆ ಎರಡು ಗ್ರಾಂ ಎಲೆ, ಆಗತಾನೆ ಕುದಿದ ನೀರು, ಮುಚ್ಚಳವಿರುವ ಬಿಳಿ ಪಿಂಗಾಣಿ ಪಾತ್ರೆ, ಆರು ನಿಮಿಷ. ಇದಕ್ಕೆ ಮೂಲವಾದ ಬ್ರಿಟಿಷ್ ಮಾನದಂಡದ ಆರು ಪುಟಗಳಿಗೆ 1999ರಲ್ಲಿ ಇಗ್ ನೊಬೆಲ್ ಎಂಬ ಅಣಕ ಪ್ರಶಸ್ತಿಯೂ ಬಂತು. ಕಡತಗಳ ನಡುವೆ ಆಯುಷ್ಯ ಕಳೆದ ನನಗೆ ಮಾತ್ರ ಆರು ಪುಟ ಹೆಚ್ಚೆಂದು ಅನ್ನಿಸಲಿಲ್ಲ. ಆ ಆರು ನಿಮಿಷ ಕುಡಿಯುವ ಸುಖಕ್ಕಲ್ಲ, ದೋಷ ಹುಡುಕುವುದಕ್ಕೆ. ಕಠಿಣ ಪರೀಕ್ಷೆಯಲ್ಲಿ ಎಲೆ ತನ್ನ ಗುಟ್ಟು ಬಿಡುತ್ತದೆ. ಕುಡಿಯುವುದಕ್ಕಾದರೆ ಮೂರು, ಮೂರೂವರೆ ನಿಮಿಷ ಸಾಕು.

ಬೇಕಾದ ಸಲಕರಣೆ ಎಂದರೆ ಗ್ರಾಂ ತೂಗುವ ಚಿಕ್ಕ ತಕ್ಕಡಿ, ಒಂದೇ ಅಳತೆಯ ನಾಲ್ಕು ಬಿಳಿ ಬಟ್ಟಲು, ಒಂದು ಗಡಿಯಾರ. ನಾಲ್ಕು ಬಗೆಯ ಚಹಾವನ್ನು ಒಟ್ಟಿಗೆ ಇಡಬೇಕು. ಒಂದನ್ನೇ ಕುಡಿದರೆ ‘ಚೆನ್ನಾಗಿದೆ’ ಎಂಬುದಕ್ಕಿಂತ ಮುಂದೆ ಮಾತು ಹೋಗುವುದಿಲ್ಲ, ಹೋಲಿಕೆಯಿಂದಲೇ ಶಬ್ದಗಳು ಹುಟ್ಟುವುದು. ಚಮಚೆಯಲ್ಲಿ ತೆಗೆದುಕೊಂಡು ಗಾಳಿಯೊಡನೆ ಸೊರ್ರೆಂದು ಹೀರಬೇಕು; ಪರಿಮಳ ಮೂಗಿನ ಹಿಂಬದಿಗೆ ಏರುವುದು ಆಗಲೇ. ಊಟದೆಲೆಯ ಮುಂದೆ ಸದ್ದು ಮಾಡಿದ್ದಕ್ಕೆ ಹಿರಿಯರಿಂದ ಬೈಸಿಕೊಂಡು ಬೆಳೆದ ನಮಗೆ ಇದು ಒಂದೆರಡು ವಾರ ಮುಜುಗರದ ಸಂಗತಿಯೇ ಆಗಿತ್ತು.

ಅಸ್ಸಾಮಿನ ಸಿಟಿಸಿ ಅರ್ಧ ನಿಮಿಷದಲ್ಲಿ ಕೆಂಪಾಗುತ್ತದೆ, ಆರನೇ ನಿಮಿಷದಲ್ಲಿ ಗಂಟಲು ಹಿಡಿಯುತ್ತದೆ. ಅದೇ ಅಸ್ಸಾಮಿನ ಹೊಂಬಣ್ಣದ ತುದಿಗಳಿರುವ ಎಲೆಯಲ್ಲಿ ಜೋನಿಬೆಲ್ಲದ ಛಾಯೆಯೊಂದಿದೆ. ಒಂದೇ ನೆಲದ ಎರಡು ಚಹಾಗಳೆಂದು ಹೇಳದೆ ನಂಬಲಾಗದು. ನೀಲಗಿರಿಯ ಎಲೆ ತಿಳಿಯಾಗಿ ಹೂವಿನಂತೆ ಮೆಲ್ಲಗೆ ಬರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿಯ ಚಳಿಯಲ್ಲಿ ಚಿಗುರು ನಿಧಾನವಾಗಿ ಬೆಳೆಯುವುದರಿಂದ ಆಗಿನ ಕೊಯ್ಲಿಗೆ ಪರಿಮಳ ಹೆಚ್ಚು. ಡಾರ್ಜಿಲಿಂಗಿನ ವಸಂತದ ಮೊದಲ ಕೊಯ್ಲು ಕಪ್ಪು ಚಹಾ ಎಂಬ ಹೆಸರಿಗೇ ಒಪ್ಪದಷ್ಟು ತಿಳಿಹಳದಿ, ಹಸಿ ಹುಲ್ಲಿನ ವಾಸನೆಯದು. ಎರಡನೆಯ ಕೊಯ್ಲಿನ ಪ್ರಸಿದ್ಧ ದ್ರಾಕ್ಷಿಯ ಪರಿಮಳದಲ್ಲಿ ಎಲೆಯ ರಸ ಹೀರುವ ಜಿಗಿಹುಳುವಿಗೂ ಪಾಲಿದೆ. ಕಡಿತಕ್ಕೆ ಗಿಡ ತೋರಿಸುವ ಪ್ರತಿಭಟನೆಯೇ ಆ ಸುವಾಸನೆ. ನಮ್ಮ ಘಟ್ಟದ ತೋಟವೊಂದರ ಎಲೆಯನ್ನು ಇವುಗಳ ಸಾಲಿನಲ್ಲಿ ಹೆಸರು ಮರೆಮಾಡಿ ಇಟ್ಟಾಗ, ಅದು ಡಾರ್ಜಿಲಿಂಗ್ ಆಗಲಿಲ್ಲ, ಆಗಬೇಕಾಗಿಯೂ ಇಲ್ಲ. ದುಂಡಗಿನ, ಚುರುಕಾದ, ತಣಿದ ಮೇಲೂ ಕೆಡದ ರುಚಿ. ಐವರಲ್ಲಿ ಮೂವರು ನೀಲಗಿರಿಗಿಂತ ಅದಕ್ಕೇ ಹೆಚ್ಚು ಅಂಕ ಕೊಟ್ಟರು. ಹೆಸರು ಹೇಳಿದಾಗ ಅವರ ಮುಖದಲ್ಲಿ ಕಂಡದ್ದು ಅಪನಂಬಿಕೆ.

ಒಗರು ಎಂಬ ನಮ್ಮ ಪದ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಷಡ್ರಸಗಳಲ್ಲಿ ಅದಕ್ಕೊಂದು ಸ್ವಂತ ಸ್ಥಾನವಿದೆ. ಅಡಕೆ, ನೆಲ್ಲಿಕಾಯಿ, ಬಾಳೆಕಾಯಿ ತಿಂದು ಬೆಳೆದವರಿಗೆ ಒಗರು ಬೇರೆ, ಕಹಿ ಬೇರೆ ಎಂದು ಹೇಳಿಕೊಡಬೇಕಾಗಿಲ್ಲ. ಒಳ್ಳೆಯ ಚಹಾದಲ್ಲಿ ಒಗರು ಇರಲೇಬೇಕು, ಕಹಿ ಮೇಲಾಗಬಾರದು. ಹಾಲಿನಲ್ಲಿರುವ ಕೇಸಿನ್ ಈ ಒಗರನ್ನು ಕಟ್ಟಿಹಾಕುತ್ತದೆ. ಆದ್ದರಿಂದಲೇ ಹಾಲು ಬೆರೆತ ಚಹಾದಲ್ಲಿ ಎಲೆಯ ಗುಣ ಅಳೆಯುವುದು ಕಷ್ಟ. ಹಾಲಿಲ್ಲದ ಚಹಾ ನಮಗೆ ಹೊಸದೂ ಅಲ್ಲ. ಕಾಸರಗೋಡಿನ ಕಡೆಯ ಕಟ್ಟನ್ ಚಾಯ, ಬ್ಯಾರಿ ಮನೆಗಳಲ್ಲಿ ಬಿರಿಯಾನಿಯ ನಂತರ ಬರುವ ಸುಲೈಮಾನಿ, ಹಳ್ಳಿಮನೆಗಳ ಕಣ್ಣ ಚಾ ಎಲ್ಲವೂ ಆ ಬಳಗದವೇ. ಸುಲೈಮಾನಿಗೆ ನಿಂಬೆರಸ ಬಿದ್ದೊಡನೆ ಬಣ್ಣ ತಿಳಿಯಾಗುವುದು ಚಹಾದ ವರ್ಣದ್ರವ್ಯ ಹುಳಿಗೆ ತೋರಿಸುವ ಪ್ರತಿಕ್ರಿಯೆ. ಅಡುಗೆಮನೆಯಲ್ಲಿ ಕಾಣಬಹುದಾದ ರಸಾಯನಶಾಸ್ತ್ರಗಳಲ್ಲಿ ಇಷ್ಟು ಅಂದವಾದದ್ದು ಕಡಿಮೆ.

ಈ ವಿಷಯದಲ್ಲಿ ಮಂಗಳೂರಿಗೆ ಪ್ರಕೃತಿಯ ಕೃಪೆಯೂ ಇದೆ. ತುಂಬೆ ಅಣೆಕಟ್ಟೆಯಿಂದ ನಗರಕ್ಕೆ ಬರುವ ನೇತ್ರಾವತಿಯ ನೀರು ಮೃದು. ಗಡಸು ನೀರಿನಲ್ಲಿ ಚಹಾದ ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ. ಬೆಂಗಳೂರಿನ ಕೊಳವೆಬಾವಿಯ ನೀರಿನಲ್ಲಿ ಚಹಾ ಮಾಡಿದವರು ಇದನ್ನು ಕಂಡಿರುತ್ತಾರೆ. ಇನ್ನೊಂದು ವ್ಯತ್ಯಾಸ ಎತ್ತರದ್ದು. ಸಮುದ್ರಮಟ್ಟದ ನಮ್ಮಲ್ಲಿ ನೀರು 100 ಡಿಗ್ರಿಯಲ್ಲಿ ಕುದಿದರೆ ಚಿಕ್ಕಮಗಳೂರಿನಲ್ಲಿ 96–97ರಲ್ಲಿ, ಊಟಿಯಲ್ಲಿ 93ರ ಆಸುಪಾಸಿನಲ್ಲಿ ಕುದಿಯುತ್ತದೆ. ಕಪ್ಪು ಚಹಾಕ್ಕೆ ನಮ್ಮ ಕುದಿ ಅನುಕೂಲ. ಹಸಿರು ಚಹಾಕ್ಕೆ ಅದು ಶತ್ರು. 75–80 ಡಿಗ್ರಿಗೆ ಇಳಿಸದೆ ಹೊಯ್ದರೆ ಕಷಾಯವೇ ಗತಿ. ಹಸಿರು ಚಹಾ ಕಹಿ ಎಂದು ದೂರುವವರಲ್ಲಿ ಬಹುಪಾಲು ಜನ ಕುದಿಯುವ ನೀರು ಸುರಿಯುವವರು. ಕುದಿದ ನೀರನ್ನು ಎರಡು ಮೂರು ಪಾತ್ರೆಗಳಿಗೆ ಬಗ್ಗಿಸಿದರೆ ಉಷ್ಣಮಾಪಕವಿಲ್ಲದೆಯೇ ಹದ ಸಿಗುತ್ತದೆ.

ಪ್ರಕೃತಿ ಕೈಕೊಡುವುದು ಮಳೆಗಾಲದಲ್ಲಿ. ಒಣಚಹಾ ತೇವವನ್ನೂ ವಾಸನೆಯನ್ನೂ ಹತ್ತಿಯಂತೆ ಹೀರುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಸಣ್ಣ ಪ್ರಮಾಣದ ಖರೀದಿ, ಇಂಗು ಮತ್ತು ಒಣಮೀನಿನಿಂದ ಗೌರವಯುತ ದೂರ: ಕರಾವಳಿಯ ಮನೆಗೆ ಇಷ್ಟು ನಿಯಮ ಸಾಕು.

‘ಇದೆಲ್ಲ ಶ್ರೀಮಂತರ ಹವ್ಯಾಸ’ ಎಂಬ ಆಕ್ಷೇಪಕ್ಕೆ ಲೆಕ್ಕದಲ್ಲಿಯೇ ಉತ್ತರ ಕೊಡುತ್ತೇನೆ. ಕಿಲೋಗೆ 1,500 ರೂಪಾಯಿಯ ಎಲೆ ಎಂದಿಟ್ಟುಕೊಳ್ಳಿ. 150 ಮಿಲಿಲೀಟರ್ ಕಪ್ಪಿಗೆ ಮೂರು ಗ್ರಾಂ, ಅಂದರೆ ನಾಲ್ಕೂವರೆ ರೂಪಾಯಿ. ಒಳ್ಳೆಯ ಎಲೆ ಎರಡನೆಯ ಬಾರಿಯೂ ರುಚಿ ಬಿಡುತ್ತದೆ. ಹಾಗಾಗಿ ಕಪ್ಪೊಂದಕ್ಕೆ ಎರಡೂಕಾಲು. ಹಾಲು ಚಹಾದಲ್ಲಿ ಕಿಲೋಗೆ 400 ರೂಪಾಯಿಯ ಹುಡಿ ಮೂರು ಗ್ರಾಂ, ಲೀಟರಿಗೆ 46 ರೂಪಾಯಿಯಂತೆ ಅರ್ಧ ಕಪ್ಪು ಹಾಲು, ಒಂದಿಷ್ಟು ಸಕ್ಕರೆ ಸೇರಿದರೆ ಐದು ರೂಪಾಯಿಯಾಗುತ್ತದೆ. ದುಬಾರಿ ಯಾವುದು? ಗುವಾಹಟಿ ಹರಾಜಿನಲ್ಲಿ 2021ರಲ್ಲಿ ಒಂದು ಕಿಲೋ ಮನೋಹರಿ ಗೋಲ್ಡ್ 99,999 ರೂಪಾಯಿಗೆ ಹೋದಂಥ ಸುದ್ದಿಗಳು ಎಲೆ ಚಹಾಕ್ಕೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡಿವೆ. ಜನ ಅದನ್ನು ಒಡವೆಯ ಸಾಲಿಗೆ ಸೇರಿಸಿ ಸುಮ್ಮನಾಗುತ್ತಾರೆ.

ಗುರುತಿಸಲು ಬಾರದ ಪೇಟೆಯಲ್ಲಿ ಕಲಬೆರಕೆಗೂ ದಾರಿ ಸಲೀಸು. ಒದ್ದೆ ಬಿಳಿ ಕಾಗದದ ಮೇಲೆ ಚಿಟಿಕೆ ಹುಡಿ ಉದುರಿಸಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ, ಕೃತಕ ಬಣ್ಣ ಹಚ್ಚಿದ ಹುಡಿ ಢಾಳಾದ ಕಲೆ ಉಳಿಸುತ್ತದೆ. ಎಲೆಯಾದರೆ ಆ ಅನುಮಾನಕ್ಕೆ ಎಡೆ ಕಡಿಮೆ. ನೆನೆದು ಬಿಚ್ಚಿಕೊಂಡ ಎಲೆ ಎರಡು ಎಲೆ ಒಂದು ಮೊಗ್ಗೋ, ಬಲಿತ ಎಲೆಯೋ, ಬರಿಯ ಕಡ್ಡಿಯೋ ಎಂದು ಕಣ್ಣಿಗೇ ಕಾಣುತ್ತದೆ.

ಕರ್ನಾಟಕದಲ್ಲಿ ಚಹಾ ಹರಾಜು ಕೇಂದ್ರವಿಲ್ಲ. ಇರುವಷ್ಟು ಬೆಳೆಗೆ ಅದು ಬೇಕೆಂದು ನಾನು ವಾದಿಸುವುದೂ ಇಲ್ಲ. ಕೊಡಬೇಕಾದದ್ದು ಮಾಹಿತಿ. ನಾನು ನೋಡಿದ ಪೊಟ್ಟಣಗಳಲ್ಲಿ ಪ್ಯಾಕ್ ಮಾಡಿದ ದಿನಾಂಕ ಇರುತ್ತದೆ, ಎಲೆ ಕೊಯ್ದ ತಿಂಗಳು ಇರುವುದು ಅಪರೂಪ. ತೋಟದ ಹೆಸರು, ಕೊಯ್ಲಿನ ತಿಂಗಳು, ತಯಾರಿಕೆಯ ವಿಧಾನ ಈ ಮೂರನ್ನು ಕನ್ನಡದಲ್ಲಿ ಮುದ್ರಿಸಲು ತೋಟಗಳಿಗೆ ಯಾವ ಕಾನೂನೂ ಅಡ್ಡಿಯಿಲ್ಲ, ಚಹಾ ಮಂಡಳಿಯ ಅಪ್ಪಣೆಯೂ ಬೇಕಿಲ್ಲ. ಇದರ ಜೊತೆಗೆ 25 ಗ್ರಾಂನ ಸಣ್ಣ ಪೊಟ್ಟಣವೊಂದನ್ನು ಅಂಗಡಿಗೆ ಇಳಿಸಲಿ. ಅರ್ಧ ಕಿಲೋ ಕೊಂಡು ಪರೀಕ್ಷಿಸುವ ಧೈರ್ಯ ಯಾರಿಗೂ ಇರುವುದಿಲ್ಲ. 25 ಗ್ರಾಂ ಎಂದರೆ ಎರಡು ಗ್ರಾಂ ಲೆಕ್ಕದಲ್ಲಿ ಹನ್ನೆರಡು ಬಾರಿ ರುಚಿ ನೋಡಬಹುದು, ಒಂದು ಗ್ರಾಂ ಮಿಗುತ್ತದೆ.