ದೇವದೂತರ ಪಾಲು ಮತ್ತು ಒಂದು ಗುಟುಕು

"ಸಾರ್, ನೀವು ಕುಡಿದು ನೋಡಿದ್ದೀರಾ?"

ಹತ್ತನೇ ತರಗತಿಗೆ ಎಥನಾಲ್ ಪಾಠ ಮಾಡುವ ವಿಜ್ಞಾನ ಶಿಕ್ಷಕನಿಗೆ ಒಂದಲ್ಲ ಒಂದು ವರ್ಷ ಹಿಂದಿನ ಬೆಂಚಿನಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಕಾರ್ಕಳ ತಾಲೂಕಿನ ನಮ್ಮ ಹೈಸ್ಕೂಲಿನಲ್ಲಿ ನನಗೆ ಅದು ಎದುರಾದದ್ದು 2010ರಲ್ಲಿ. ಇಂಗ್ಲೆಂಡಿನ ವಿಮರ್ಶಕ ಜಿಮ್ ಮರ್ರೆ ಆ ವರ್ಷದ ತನ್ನ 'ವಿಸ್ಕಿ ಬೈಬಲ್' ಪುಸ್ತಕದಲ್ಲಿ ಬೆಂಗಳೂರಿನ 'ಅಮೃತ್ ಫ್ಯೂಷನ್' ವಿಸ್ಕಿಗೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟಿದ್ದ. ಪತ್ರಿಕೆಯಲ್ಲಿ ಬಂದ ಆ ಸುದ್ದಿಯನ್ನು ಕತ್ತರಿಸಿ, ಆವಿಯಾಗುವಿಕೆಗೆ ಒಳ್ಳೆಯ ಉದಾಹರಣೆಯೆಂದು ತರಗತಿಗೆ ಒಯ್ದಿದ್ದೆ. ಪ್ರಶ್ನೆ ಬಂತು. "ಇಲ್ಲ" ಎಂದೆ. "ಹಾಗಾದ್ರೆ ಅದು ಒಳ್ಳೆಯದೋ ಕೆಟ್ಟದ್ದೋ ನಿಮಗೆ ಹೇಗೆ ಗೊತ್ತು ಸಾರ್?" ತರಗತಿ ಗೊಳ್ಳೆಂದಿತು. ವೀಕ್ಷಣೆಯಿಲ್ಲದೆ ವಿಜ್ಞಾನವಿಲ್ಲ ಎಂದು ಜೂನ್ ತಿಂಗಳಲ್ಲೇ ಬೋರ್ಡಿನ ಮೇಲೆ ಬರೆದವನು ನಾನೇ ಅಲ್ಲವೇ!

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹದಿನಾಲ್ಕು ವರ್ಷಗಳ ಬಳಿಕ, ಕಾಪುವಿನಲ್ಲಿ, ಅಣ್ಣನ ಮಗನ ಹೊಸ ಮನೆಯ ಒಕ್ಕಲಿನ ರಾತ್ರಿ.

ಮೂರ್ತೆಯ ಮನೆ

ನಮ್ಮದು ಮೂರ್ತೆದಾರಿಕೆಯ ಮನೆ. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಅಪ್ಪ ದಿನಕ್ಕೆರಡು ಬಾರಿ ಮರ ಹತ್ತುತ್ತಿದ್ದರು. ನಾನು ಕಲಿತ ಮೊದಲ ರಸಾಯನಶಾಸ್ತ್ರ ಆ ಮರದ ಬುಡದಲ್ಲಿಯೇ. ಮಡಕೆಯ ಒಳಮೈಗೆ ಸುಣ್ಣ ಬಳಿದಿಟ್ಟರೆ ರಸ ಸಿಹಿಯಾಗಿಯೇ ಉಳಿಯುತ್ತಿತ್ತು; ಅದನ್ನು ಕುದಿಸಿದರೆ ಓಲೆಬೆಲ್ಲ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿರುವ ಯೀಸ್ಟ್ ತನ್ನ ಕೆಲಸ ಶುರು ಮಾಡಿ, ಸಕ್ಕರೆಯನ್ನು ಎಥನಾಲ್ ಮತ್ತು ಇಂಗಾಲದ ಡೈ ಆಕ್ಸೈಡ್ ಆಗಿ ಒಡೆಯುತ್ತಿತ್ತು. ಮಧ್ಯಾಹ್ನಕ್ಕೆ ನೊರೆ, ಮರುದಿನಕ್ಕೆ ಹುಳಿ. ಮರದಿಂದ ಇಳಿಸಿದ ಕಳ್ಳಿನ ಮೊದಲ ನಾಲ್ಕು ಹನಿಯನ್ನು ಅಪ್ಪ ದೈವದ ಹೆಸರು ಹೇಳಿ ನೆಲಕ್ಕೆ ಬಿಡುತ್ತಿದ್ದರು. ಅದು ದೈವದ ಪಾಲು. ಅವರು ಸ್ವತಃ ಕುಡಿದದ್ದನ್ನು ನಾನು ಕಂಡಿಲ್ಲ. "ಮರ ಹತ್ತುವವ ಕುಡಿದರೆ ಇಳಿಯುವುದು ಯಾರು?" ಎನ್ನುತ್ತಿದ್ದರು.

ಕುಡಿದವನು ಅಣ್ಣ. ಅದೂ ಅಪ್ಪನ ಕಳ್ಳನ್ನಲ್ಲ, ತೊಟ್ಟೆ ಸಾರಾಯಿಯನ್ನು. ಮಲ್ಪೆಯ ಬೋಟಿನಲ್ಲಿ ದುಡಿದದ್ದು ದಡದ ಅಂಗಡಿಯಲ್ಲೇ ಮುಗಿಯುತ್ತಿತ್ತು. ಮೊದಲು ಕಣ್ಣು ಹಳದಿಯಾಯಿತು, ಆಮೇಲೆ ಹೊಟ್ಟೆಯಲ್ಲಿ ನೀರು ತುಂಬಿತು. 1994ರಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತೊಂಬತ್ತು, ಮಗನಿಗೆ ಹದಿನಾಲ್ಕು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ನಮ್ಮ ಮನೆಯ ಮಟ್ಟಿಗೆ ಹದಿಮೂರು ವರ್ಷ ತಡವಾಗಿ. ಅತ್ತಿಗೆ ಬೀಡಿ ಕಟ್ಟಿದರು, ನಾನು ಸಂಬಳದಲ್ಲಿ ಒಂದಿಷ್ಟು ಕೊಟ್ಟೆ, ಹುಡುಗ ಓದಿ ಎಂಜಿನಿಯರ್ ಆದ.

ಅದೇ 2010ರಲ್ಲಿ ಕಂಪನಿಯ ಕೆಲಸದ ಮೇಲೆ ಲಂಡನ್ನಿಗೆ ಹೋದವನು ಅಲ್ಲಿನ ಅಂಗಡಿಯೊಂದರ ಕಪಾಟಿನಲ್ಲಿ 'ಅಮೃತ್' ಎಂಬ ಹೆಸರು, ಕೆಳಗೆ 'ಬೆಂಗಳೂರು' ಎಂಬ ಊರು ಕಂಡು ಬೆರಗಾಗಿ ಒಂದು ಬಾಟಲಿ ಕೊಂಡು ತಂದ. ಅತ್ತಿಗೆ ಒಂದೇ ಮಾತು ಹೇಳಿದರು: "ನಾನಿರುವ ಮನೆಯಲ್ಲಿ ಅದರ ಮುಚ್ಚಳ ತೆಗೆಯಬಾರದು." ಬಾಟಲಿ ಬಟ್ಟೆಯ ಕಪಾಟು ಸೇರಿತು. ಕಂಪನಿ ಬದಲಾಯಿತು, ಮಗಳು ಹುಟ್ಟಿದಳು, ಕುಟುಂಬ ಬೆಂಗಳೂರಿನಿಂದ ಮಣಿಪಾಲಕ್ಕೆ ಬಂತು. ಬಾಟಲಿಯೂ ಜೊತೆಗೆ ಬಂತು, ತೆರೆಯದೆ.

ಬೆಂಗಳೂರಿನ ಬಿಸಿಲು ಮಾಡಿದ್ದು

ಅದರಲ್ಲಿ ಅಂಥದ್ದೇನಿತ್ತು? ಸ್ವಲ್ಪ ಪಾಠ ಮಾಡಲು ಅನುಮತಿಯಿರಲಿ.

ಭಾರತದಲ್ಲಿ 'ವಿಸ್ಕಿ' ಎಂದು ಮಾರಾಟವಾಗುವುದರಲ್ಲಿ ಬಹುಪಾಲು ಕಾಕಂಬಿಯಿಂದ, ಅಂದರೆ ಸಕ್ಕರೆ ಕಾರ್ಖಾನೆಯ ಉಳಿಕೆ ಪಾಕದಿಂದ ತಯಾರಾದ ಮದ್ಯಸಾರ ಬೆರೆತದ್ದು. ಸಿಂಗಲ್ ಮಾಲ್ಟ್ ಹಾಗಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ನಮ್ಮ ಮನೆಗಳಲ್ಲಿ ಹೆಸರುಕಾಳು ಮೊಳೆತಾಗ ಸಿಹಿಯಾಗುವುದೂ ಇದರಿಂದಲೇ. ಆ ಸಿಹಿನೀರನ್ನು ಯೀಸ್ಟ್ ಹುದುಗಿಸುತ್ತದೆ. ಎಥನಾಲ್ ಕುದಿಯುವುದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು 100ರಲ್ಲಿ. ಈ ಅಂತರವನ್ನೇ ನಂಬಿ ತಾಮ್ರದ ಹಂಡೆಗಳಲ್ಲಿ ಎರಡು ಬಾರಿ ಬಟ್ಟಿ ಇಳಿಸುತ್ತಾರೆ. ಹೊರಬರುವ ದ್ರವ ನೀರಿನಷ್ಟೇ ತಿಳಿ. ಹೊಂಬಣ್ಣ, ಪರಿಮಳ ಬರುವುದು ಆಮೇಲೆ, ಓಕ್ ಮರದ ಪೀಪಾಯಿಯಲ್ಲಿ. ಮರದ ಲಿಗ್ನಿನ್ ಒಡೆದು ವೆನಿಲಿನ್ ಬಿಡುತ್ತದೆ. ಐಸ್‌ಕ್ರೀಮಿನ ವೆನಿಲಾದ ಪರಿಮಳ ಇದರದ್ದೇ.

ಪೀಪಾಯಿ ಉಸಿರಾಡುತ್ತದೆ. ಬಿಸಿಲೇರಿದಾಗ ದ್ರವ ಹಿಗ್ಗಿ ಮರದೊಳಗೆ ಇಳಿಯುತ್ತದೆ, ತಂಪಾದಾಗ ಕುಗ್ಗಿ ಹಿಂದಿರುಗುತ್ತದೆ. ಜೊತೆಗೆ ಒಂದಿಷ್ಟು ಆವಿಯಾಗಿ ಹಾರಿಹೋಗುತ್ತದೆ. ಇದಕ್ಕೆ ಸ್ಕಾಟ್ಲೆಂಡಿನವರು ಇಟ್ಟ ಹೆಸರು 'ದೇವದೂತರ ಪಾಲು'. ಅಲ್ಲಿನ ಚಳಿಗೆ ಆ ಪಾಲು ವರ್ಷಕ್ಕೆ ಸುಮಾರು ಶೇಕಡ 2. ಬೆಂಗಳೂರಿನಲ್ಲಿ ಶೇಕಡ 10ರಿಂದ 12! ವಿದ್ಯಾರ್ಥಿಗಳು ಚಕ್ರಬಡ್ಡಿಯನ್ನು ತಿರುಗಿಸಿ ಲೆಕ್ಕ ಹಾಕಿ ನೋಡಿ. ಸ್ಕಾಟ್ಲೆಂಡಿನ 100 ಲೀಟರ್ ಹನ್ನೆರಡು ವರ್ಷಗಳ ಬಳಿಕ ಸುಮಾರು 78 ಲೀಟರ್ ಉಳಿದರೆ, ಶೇಕಡ 12ರಂತೆ ಬೆಂಗಳೂರಿನ 100 ಲೀಟರ್ ನಾಲ್ಕೇ ವರ್ಷಕ್ಕೆ 60, ಎಂಟು ವರ್ಷಕ್ಕೆ 36. ನಷ್ಟ ಹೆಚ್ಚು, ಆದರೆ ಮರದೊಡನೆ ಒಡನಾಟವೂ ಅಷ್ಟೇ ಬಿರುಸು. ಅಲ್ಲಿ ಹತ್ತು–ಹನ್ನೆರಡು ವರ್ಷ ಬೇಡುವ ಪಕ್ವತೆ ಇಲ್ಲಿ ನಾಲ್ಕೈದು ವರ್ಷಕ್ಕೆ ಬರುತ್ತದೆ. ಉಷ್ಣತೆ ಹೆಚ್ಚಿದಂತೆ ಕ್ರಿಯೆಯ ವೇಗ ಹೆಚ್ಚುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ನನಗೆ ಸಿಕ್ಕಿಲ್ಲ.

ರಾಧಾಕೃಷ್ಣ ಜಗದಾಳೆಯವರು 1948ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಅಮೃತ್ ಡಿಸ್ಟಿಲರೀಸ್, ಅವರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ, 2004ರಲ್ಲಿ, ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಮೀನು ಮಾರಲು ಮಲ್ಪೆಗೇ ಹೋದಂತೆ! 2013ರಲ್ಲಿ ಎಂಟು ವರ್ಷ ಮಾಗಿಸಿದ ವಿಸ್ಕಿಯೊಂದನ್ನು ತಂದಾಗ ಆವಿಯಾಗಿ ಉಳಿದದ್ದು 144 ಬಾಟಲಿ ಮಾತ್ರ. ಅದಕ್ಕೆ ಅವರಿಟ್ಟ ಹೆಸರು 'ಗ್ರೀಡಿ ಏಂಜಲ್ಸ್', ದುರಾಸೆಯ ದೇವದೂತರು.

ಒಕ್ಕಲಿನ ರಾತ್ರಿ

2024ರ ಡಿಸೆಂಬರಿನಲ್ಲಿ ಕಾಪುವಿನ ಹೊಸ ಮನೆಗೆ ಒಕ್ಕಲು. ಹಗಲಿನ ಪೂಜೆ, ಊಟ ಮುಗಿದು ನೆಂಟರು ಹೊರಟ ಮೇಲೆ ಮನೆಯವರಷ್ಟೇ ಉಳಿದೆವು. ಕೋರಿರೊಟ್ಟಿ ಬಡಿಸುವ ಹೊತ್ತಿಗೆ ಹುಡುಗ ಬಾಟಲಿ ತಂದು ಅಂಗಳದ ಮೇಜಿನ ಮೇಲಿಟ್ಟು ಅಮ್ಮನ ಮುಖ ನೋಡಿದ. ಎಲ್ಲರೂ ಸುಮ್ಮನಾದೆವು.

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಕುಳಿತರು. "ಮಾಸ್ಟ್ರಿಗೊಂದು ಕೊಡು. ಮೂವತ್ತು ವರ್ಷದಿಂದ ಪಾಠ ಮಾಡ್ತಾರೆ, ರುಚಿ ಗೊತ್ತಿಲ್ಲ ಅಂದ್ರೆ ಹೇಗೆ? ಆದರೆ ನನ್ನ ಎದುರಿಗೇ ಆಗಲಿ, ಕದ್ದು ಬೇಡ."

"ಚಿಕ್ಕಪ್ಪ, ಹದಿನಾಲ್ಕು ವರ್ಷದಲ್ಲಿ ಇನ್ನೂ ಹಣ್ಣಾಗಿರಬೇಕಲ್ವಾ?" ಎಂದ ಹುಡುಗ. ಇಲ್ಲ. ಮಾಗುವುದು ಮರದಲ್ಲಿ, ಗಾಜಿನಲ್ಲಲ್ಲ. ಗಾಜು ಏನನ್ನೂ ಕೊಡುವುದಿಲ್ಲ, ಏನನ್ನೂ ಪಡೆಯುವುದಿಲ್ಲ. ಬಾಟಲಿಗೆ ತುಂಬಿದ ದಿನ ವಿಸ್ಕಿಯ ವಯಸ್ಸು ನಿಲ್ಲುತ್ತದೆ. ಆದರೂ ಬೆಳಕಿಗೆ ಹಿಡಿದು ನೋಡಿದರೆ ಮಟ್ಟ ಕೊರಳಿನಿಂದ ಬೆರಳಿನಷ್ಟು ಇಳಿದಿತ್ತು. ಬಿರಡೆಯ ಸಂದಿನಿಂದ ದೇವದೂತರು ಕಪಾಟಿನೊಳಗೂ ಬಂದಿದ್ದರು!

ಮೂವತ್ತು ಮಿಲಿಲೀಟರ್ ಹಾಕಿಸಿಕೊಂಡೆ. ಮೊದಲು ಮೂಗಿಗೆ ಬಡಿದದ್ದು ಇಂಜೆಕ್ಷನ್ನಿಗೆ ಮುನ್ನ ತೋಳಿಗೆ ಉಜ್ಜುವ ಸ್ಪಿರಿಟ್ಟಿನ ವಾಸನೆ. ಅದರಲ್ಲಿ ಎಥನಾಲ್ ಶೇಕಡ 50 ಇತ್ತು. ಒಂದು ಚಮಚ ನೀರು ಬೆರೆಸಿದೆ. ಹೀಗೆ ನೀರು ಸೇರಿಸಿದರೆ ಹೊಗೆಯ ಪರಿಮಳ ಕೊಡುವ ಗ್ವಾಯಕಾಲ್ ಅಣುಗಳು ದ್ರವದ ಮೇಲ್ಮೈಗೆ ಬರುತ್ತವೆಂದು ಸ್ವೀಡನ್ನಿನ ಲಿನಿಯಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದ್ದನ್ನು ಓದಿದ್ದೆ. ನಿಜವೇ ಇರಬೇಕು. ಈಗ ಬೆಲ್ಲದ ಪಾಕ ಬಂತು, ಬಡಗಿಯ ಅಂಗಡಿಯ ಹೊಸ ಮರ ಬಂತು, ಕೊನೆಗೆ ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಒಣಗಿಸಿದ ಬಟ್ಟೆಯ ಹೊಗೆ ಬಂತು. ಆ ಹೊಗೆ ಸ್ಕಾಟ್ಲೆಂಡಿನದು. ಫ್ಯೂಷನ್ನಿನಲ್ಲಿ ನಮ್ಮ ದೇಶದ ಬಾರ್ಲಿಯ ಜೊತೆ, ಪೀಟ್ ಎಂಬ ಜೌಗುನೆಲದ ಮಣ್ಣನ್ನು ಉರಿಸಿ ಒಣಗಿಸಿದ ಅಲ್ಲಿನ ಬಾರ್ಲಿಯೂ ಸೇರಿರುತ್ತದೆ. ಒಂದು ಗುಟುಕು ಕುಡಿದೆ. ನಾಲಿಗೆ ಉರಿಯಿತು, ಎದೆ ಬೆಚ್ಚಗಾಯಿತು.

"ಅಜ್ಜ, ಹೇಗುಂಟು?"

ಕೇಳಿದವಳು ಉಡುಪಿಯಲ್ಲಿ ಹತ್ತನೇ ತರಗತಿ ಓದುವ ಅಣ್ಣನ ಮೊಮ್ಮಗಳು. ಹಿಂದಿನ ಬೆಂಚಿನ ಅದೇ ಪ್ರಶ್ನೆ! "ಛೀ, ಕಹಿ" ಎಂದುಬಿಡಬಹುದಿತ್ತು. ಮಕ್ಕಳೆದುರು ನಾವು ಹಿರಿಯರು ಹೇಳುವುದೇ ಹಾಗೆ. ಅತ್ತಿಗೆಯೂ ನನ್ನನ್ನೇ ನೋಡುತ್ತಿದ್ದರು.

"ಚೆನ್ನಾಗಿದೆ" ಎಂದೆ.

ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತಿಗೆ ತಣ್ಣಗೆ ಹೇಳಿದರು: "ನಿನ್ನ ಅಜ್ಜನಿಗೂ ಮೊದಮೊದಲು ಚೆನ್ನಾಗಿಯೇ ಇತ್ತು ಮಗಾ."

ಪೂರ್ತಿ ನಿಜ

ನನ್ನ ಮೂವತ್ತು ವರ್ಷದ ಪಾಠಕ್ಕಿಂತ ಆ ಒಂದು ಮಾತು ದೊಡ್ಡದು. ಮದ್ಯ ಕೆಟ್ಟ ರುಚಿಯದೆಂದು ಹೇಳಿ ಬೆಳೆಸಿದ ಮಗ ಹಾಸ್ಟೆಲಿನಲ್ಲಿ ಒಂದು ದಿನ ರುಚಿ ನೋಡುತ್ತಾನೆ. ಅದು ಕೆಟ್ಟದಾಗಿಲ್ಲವೆಂದು ತಿಳಿದಾಗ ನಾವು ಹೇಳಿದ ಉಳಿದ ಮಾತುಗಳನ್ನೂ ಸುಳ್ಳೆಂದು ತೀರ್ಮಾನಿಸುತ್ತಾನೆ. ಆದ್ದರಿಂದ ಅರ್ಧ ಸತ್ಯ ಬೇಡ. ಆ ರಾತ್ರಿ ಮೊಮ್ಮಗಳಿಗೆ ಉಳಿದರ್ಧವನ್ನೂ ಹೇಳಿದೆ.

ತೊಟ್ಟೆ ಸಾರಾಯಿಯಲ್ಲಿದ್ದ ಎಥನಾಲೂ ಲಂಡನ್ನಿನ ಬಾಟಲಿಯ ಎಥನಾಲೂ ಒಂದೇ ಅಣು. ಯಕೃತ್ತಿಗೆ ಬೆಲೆಯ ಚೀಟಿ ಓದಲು ಬರುವುದಿಲ್ಲ. ಅದು ಎರಡನ್ನೂ ಅಸಿಟಾಲ್ಡಿಹೈಡ್ ಎಂಬ ವಿಷವಾಗಿಸಿ, ಆಮೇಲೆ ನಿಧಾನವಾಗಿ ಕಳೆಯುತ್ತದೆ. ಕಳ್ಳಬಟ್ಟಿಗೆ ಮೆಥನಾಲ್ ಬೆರೆತರೆ ಕಣ್ಣೂ ಹೋಗಬಹುದು, ಜೀವವೂ ಹೋಗಬಹುದು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಹೀಗೆಯೇ ಸತ್ತರು. ಮದ್ಯ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ನನ್ನ ಆ ಮೂವತ್ತು ಮಿಲಿಲೀಟರಿಗೂ ಇದರಲ್ಲಿ ವಿನಾಯಿತಿಯಿಲ್ಲ.

ಮಣಿಪಾಲದ ಅಂಗರಚನೆ ಮತ್ತು ರೋಗಶಾಸ್ತ್ರ ಸಂಗ್ರಹಾಲಯಕ್ಕೆ ನಾನು ಮಕ್ಕಳನ್ನು ಕರೆದೊಯ್ಯುವುದುಂಟು. ಗಾಜಿನ ಜಾಡಿಯಲ್ಲಿ ಗಂಟುಗಂಟಾಗಿ ಗಟ್ಟಿಯಾದ ಯಕೃತ್ತಿನ ಮುಂದೆ ನನ್ನ ವಿವರಣೆ ಸ್ವಲ್ಪ ತಡವರಿಸುತ್ತದೆ. ಮಕ್ಕಳಿಗೆ ಕಾರಣ ಹೇಳಿರಲಿಲ್ಲ. ಈ ವರ್ಷದಿಂದ ಹೇಳಬೇಕೆಂದಿದ್ದೇನೆ.

ಗ್ಲಾಸಿನಲ್ಲಿ ಅರ್ಧ ಉಳಿದಿತ್ತು. ಎದ್ದು ಹೋಗಿ ಅಂಗಳದ ತೆಂಗಿನ ಬುಡಕ್ಕೆ ಬಿಟ್ಟೆ. ಅಪ್ಪ ನಾಲ್ಕು ಹನಿ ಬಿಡುತ್ತಿದ್ದರು. ನಾನು ಸ್ವಲ್ಪ ಧಾರಾಳವಾದೆ. ಅತ್ತಿಗೆ ಬಾಟಲಿಗೆ ಬಿರಡೆ ಹಾಕಿ, "ಊಟ ತಣ್ಣಗಾಗ್ತದೆ, ಬನ್ನಿ" ಎಂದು ಒಳಗೆ ನಡೆದರು.